ಮುಳ್ಳು ನಿಲ್ಲದ ತಕ್ಕಡಿ

ನಮ್ಮ ಅಂಗಡಿಗೂ ಮನೆಗೂ ನಡುವೆ ಇದ್ದದ್ದು ಒಂದೇ ಬಾಗಿಲು. ಆ ಬಾಗಿಲಿಗೆ ನನ್ನ ಹಳೇ ಸೀರೆ ಹರಿದು ಹೊಲಿದ ಪರದೆ. ದೊಡ್ಡಬಳ್ಳಾಪುರದ ಪೇಟೆ ಬೀದಿಯಲ್ಲಿ ಆಗ ದಿನಸಿ ಅಂಗಡಿಯವರ ಮನೆಗಳೆಲ್ಲ ಹಾಗೇ ಇದ್ದವು. ಮುಂದೆ ವ್ಯಾಪಾರ, ಹಿಂದೆ ಸಂಸಾರ. ನಾನು ಒಗ್ಗರಣೆಗೆ ಮೆಣಸಿನಕಾಯಿ ಹಾಕಿದರೆ ಅಂಗಡಿ ಮುಂದೆ ನಿಂತ ಗಿರಾಕಿ ಸೀನುತ್ತಿದ್ದ. ಗಿರಾಕಿ ಬೆಲೆಗೆ ಜಗಳ ತೆಗೆದರೆ ಒಳಗೆ ನನ್ನ ಹಾಲು ಉಕ್ಕುತ್ತಿತ್ತು.

ಹೆಂಗಸರು ಅಂಗಡಿಯಲ್ಲಿ ಕೂರುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಹಾಗಾಗಿ ಮದುವೆಯಾಗಿ ಬಂದ ಮೇಲೆ ನಾನು ಅಂಗಡಿಯನ್ನು ಕಲಿತದ್ದು ಕಿವಿಯಿಂದ. ಅಚ್ಚು ಬೆಲ್ಲ ಕುಟ್ಟುವುದು, ಎಣ್ಣೆ ಡಬ್ಬದ ಮುಚ್ಚಳ ಬೀಳುವುದು, ಪೊಟ್ಟಣ ಕಟ್ಟಿ ದಾರ ಪಟ್ಟಂತ ಹರಿಯುವುದು, ಎಲ್ಲ ಒಳಗಿನಿಂದಲೇ ತಿಳಿಯುತ್ತಿತ್ತು. ಎಲ್ಲಕ್ಕಿಂತ ಚೆನ್ನಾಗಿ ತಿಳಿಯುತ್ತಿದ್ದದ್ದು ತಕ್ಕಡಿಯ ಸದ್ದು. ಅದು ಕೈಯಲ್ಲಿ ಹಿಡಿದು ಎತ್ತುವ ತಕ್ಕಡಿ. ಮೇಲೆ ಕಬ್ಬಿಣದ ದಂಡ, ಎರಡು ಕಡೆ ಸರಪಣಿಗೆ ನೇತಾಡುವ ಹಿತ್ತಾಳೆ ತಟ್ಟೆ, ನಡುವೆ ಒಂದು ಮುಳ್ಳು. ನಮ್ಮ ಯಜಮಾನರು ಬಲಗೈಯಲ್ಲಿ ಅದರ ಕುಣಿಕೆ ಹಿಡಿದು ಭುಜದ ಎತ್ತರಕ್ಕೆ ಎತ್ತಿ, ಎಡಗೈಯಲ್ಲಿ ಬೇಳೆ ಸುರಿಯುತ್ತಿದ್ದರು. ಸರಪಣಿ ಒಂದು ಸಲ ಕಿಣಿ ಅನ್ನೋದು, ಆಮೇಲೆ ಮುಳ್ಳು ನೆಟ್ಟಗೆ ನಿಲ್ಲೋದು, ಸದ್ದು ಸತ್ತುಹೋಗೋದು. ಅಷ್ಟೇ. ಆಮೇಲೆ ಒಂದು ಚಿಟಿಕೆ ಬೇಳೆ ಮೇಲೆ ಹಾಕುತ್ತಿದ್ದರು. ಅದು ಕೊಸರು. ಕೊಸರು ಹಾಕದೆ ಕಳಿಸಿದ ಅಂಗಡಿಗೆ ನಮ್ಮ ಊರಲ್ಲಿ ಎರಡನೇ ಸಲ ಯಾರೂ ಹೋಗುತ್ತಿರಲಿಲ್ಲ.

ಒಂದು ದಿನ ನಾನು ಅಕ್ಕಿ ಆರಿಸುತ್ತಾ ಕೂತಿದ್ದೆ. ಮುಂದೆ ತಕ್ಕಡಿ ಎತ್ತಿದ್ದು ಕೇಳಿಸಿತು. ಕಿಣಿ ಅಂತು. ಆಮೇಲೂ ಕಿಣಿಕಿಣಿ ಅನ್ನುತ್ತಲೇ ಇತ್ತು. ನಿಲ್ಲಲಿಲ್ಲ. ನನ್ನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ಪಾತ್ರೆ ಅಂಗಡಿಯ ಗಾಡಿಯೇನಾದರೂ ಬೀದಿಯಲ್ಲಿ ಹೋಗುತ್ತಿದೆಯಾ ಅಂದುಕೊಂಡೆ. ಅಲ್ಲ. ಎದ್ದು ಹೋಗಿ ಪರದೆ ಸಂದಿಯಲ್ಲಿ ನೋಡಿದರೆ, ಅವರ ಮಣಿಕಟ್ಟಿನಿಂದ ಕೆಳಗೆ ಕೈ ನಡುಗುತ್ತಿತ್ತು. ಚಳಿಗೆ ನಡುಗುವ ಹಾಗಲ್ಲ, ಒಳಗೆ ಯಾರೋ ಕೂತು ಅಲ್ಲಾಡಿಸಿದ ಹಾಗೆ. ಮುಳ್ಳು ಆ ಕಡೆ ಈ ಕಡೆ ಓಡುತ್ತಿತ್ತು. ಅವರ ಮುಖ ಮಾತ್ರ ಏನೂ ಆಗದವರ ಹಾಗೆ ಗಿರಾಕಿಯನ್ನು ನೋಡಿ ನಗುತ್ತಿತ್ತು. ಆ ನಗು ನೋಡಿ ನನಗೆ ಕೈಗಿಂತ ಹೆಚ್ಚು ಭಯವಾಯಿತು. ಇದು ಅವತ್ತು ಶುರುವಾದದ್ದಲ್ಲ, ಮುಚ್ಚಿಡುವುದು ಅವರಿಗೆ ಆಗಲೇ ಅಭ್ಯಾಸವಾಗಿದೆ ಅಂತ ಗೊತ್ತಾಯಿತು.

ಊಟಕ್ಕೆ ಬಂದಾಗ ಕೇಳಿದೆ. "ರೀ, ಕೈಗೆ ಏನಾಯ್ತು?"

"ಏನಾಗಿದೆ? ಏನೂ ಇಲ್ಲ. ಬೆಳಗ್ಗೆ ಮೂಟೆ ಎತ್ತಿದ್ದೆ."

"ಮೂಟೆ ಎತ್ತಿದ್ರೆ ಭುಜ ನೋಯುತ್ತೆ. ಕೈ ನಡುಗುತ್ತಾ?"

"ಸಾರು ಹಾಕೇ ಸುಮ್ನೆ. ಅಮ್ಮನ ಕಿವಿಗೆ ಬೀಳಿಸ್ಬೇಡ."

ಅಮ್ಮನ ಕಿವಿಗೆ ಬೀಳಿಸಬೇಕಾಗಿರಲಿಲ್ಲ. ನಮ್ಮ ಅತ್ತೆ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಾ ಕೂತಿದ್ದವರು ತಲೆ ಎತ್ತದೆ ಹೇಳಿದರು: "ನಾನು ಹೆತ್ತ ಕೈ ಕಣಪ್ಪಾ ಅದು. ಯುಗಾದಿಗೆ ಬೇವು ಬೆಲ್ಲ ಕೊಟ್ಟಾಗಲೇ ನೋಡ್ದೆ."

ಸೇರು, ಪಾವು ಹೋಗಿ ಕೇಜಿ ಬಂದು ಕೆಲವು ವರ್ಷವಾಗಿದ್ದ ಕಾಲ ಅದು. ಸೇರಿನ ಕಾಲವಾಗಿದ್ದರೆ ನಾವು ಬಚಾವಾಗುತ್ತಿದ್ದೆವೇನೋ. ಸೇರನ್ನು ಮೂಟೆಯೊಳಗೆ ಅದ್ದಿ ತುಂಬಿ, ಅಂಗೈಯಲ್ಲಿ ಒರೆಸಿ ಸುರಿದರೆ ಮುಗಿಯಿತು. ಕೈ ನಡುಗಿದರೂ ಸೇರು ಸೇರೇ. ಆದರೆ ಸರ್ಕಾರ ಎಲ್ಲವನ್ನೂ ತೂಗಿಯೇ ಕೊಡಬೇಕು ಅಂದಿತ್ತು. ವರ್ಷಕ್ಕೊಮ್ಮೆ ಸಾಹೇಬರು ಬಂದು ತಕ್ಕಡಿಗೂ ತೂಕದ ಕಲ್ಲುಗಳಿಗೂ ಮುದ್ರೆ ಹಾಕಿ ಹೋಗುತ್ತಿದ್ದರು. ಇನ್ನು ಅಂಗಡಿಯವನ ಬದುಕೆಲ್ಲ ಆ ಒಂದು ಮುಳ್ಳಿನ ಮೇಲೆ.

ಆಸ್ಪತ್ರೆಗೆ ಹೋದೆವು. ಡಾಕ್ಟರು ಒಳ್ಳೆಯವರು, ಕೂರಿಸಿಕೊಂಡು ನೋಡಿದರು. ನರದ ತೊಂದರೆ, ಪೂರ್ತಿ ವಾಸಿಯಾಗುವುದು ಕಷ್ಟ, ಯೋಚನೆ ಮಾಡಿದಷ್ಟೂ ಜಾಸ್ತಿಯಾಗುತ್ತೆ, ಯೋಚನೆ ಮಾಡಬೇಡಿ ಅಂದರು. ಅದಾದ ಮೇಲೆ ನಮಗೆ ಬೇರೆ ಯೋಚನೆಯೇ ಇರಲಿಲ್ಲ. ಇದು ಲಕ್ವದ ಮುನ್ಸೂಚನೆ ಇರಬಹುದಾ ಅಂತ ನಾನು ದಿನಾ ಅವರ ಬಾಯಿ ಸೊಟ್ಟಗಾಗಿದೆಯಾ ಅಂತ ನೋಡುತ್ತಿದ್ದೆ. ಅವರು ಬೀಡಾ ಹಾಕಿಕೊಂಡು ಕೆನ್ನೆ ಉಬ್ಬಿದರೂ ಹತ್ತಿರ ಹೋಗಿ ನೋಡುತ್ತಿದ್ದೆ.

ಅತ್ತೆಯವರ ಲೆಕ್ಕ ಬೇರೆ. ಉಗ್ರಾಣದ ಹಿಂಗೋಡೆಯಲ್ಲಿ ಇಲಿ ಬರುತ್ತೆ ಅಂತ ನಮ್ಮವರು ಒಂದು ಬಿಲಕ್ಕೆ ಸಿಮೆಂಟು ಮೆತ್ತಿಸಿದ್ದರು. "ಅದು ಇಲಿದೋ ಇನ್ಯಾರದೋ, ಒಳಗೆ ಯಾರಿದ್ರು ಅಂತ ಕೇಳಿ ಮುಚ್ಚಿದ್ಯೇನೋ?" ಅಂದರು. ಆ ಮಾತು ಕೇಳಿ ನನಗೂ ಇದು ನಾಗರದೋಷವೇ ಇರಬೇಕು ಅನ್ನಿಸಿತು. ಸರಿ, ಷಷ್ಠಿ ನೋಡಿಕೊಂಡು ಘಾಟಿಗೆ ಹೋದೆವು. ಸುಬ್ರಹ್ಮಣ್ಯನಿಗೆ ಅಭಿಷೇಕ ಮಾಡಿಸಿ, ನಾಗರಕಲ್ಲಿಗೆ ಹಾಲೆರೆದು, ಗೊತ್ತಿಲ್ಲದೆ ಮಾಡಿದ್ದನ್ನ ಮನ್ನಿಸಪ್ಪಾ ಅಂತ ಹಣೆ ಇಟ್ಟೆ. ಬರುವಾಗ ರಸ್ತೆ ಕೆಟ್ಟು ಬಸ್ಸೇ ಅಲ್ಲಾಡುತ್ತಿದ್ದರಿಂದ ಅವರ ಕೈ ಅಲ್ಲಾಡುವುದು ಬೇರೆ ಕಾಣಲಿಲ್ಲ. ಅಷ್ಟು ದೂರ ನನಗೆ ನೆಮ್ಮದಿ. ದೇವರು ಕೊಟ್ಟಷ್ಟು.

ಮಗ್ಗದವರ ಕೇರಿಯಿಂದ ಒಬ್ಬ ಹೆಂಗಸು ನಮ್ಮ ಅಂಗಡಿಗೆ ಖಾಯಂ ಬರುತ್ತಿದ್ದಳು. ಮನೆತುಂಬ ಜನ, ಬಾಯಿ ಜೋರು. ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಆ ಕೇರಿಯವರ ಗಂಟಲೇ ಹಾಗೆ. ನಮ್ಮ ಮಾವನವರ ಕಾಲದಿಂದ ಬೇರೆ ಅಂಗಡಿ ಮೆಟ್ಟಿಲು ಹತ್ತಿದವಳಲ್ಲ. ಒಂದು ದಿನ ಬೇಳೆ ತೂಗುವಾಗ ಅವಳು ಕೂಗಿದ್ದು ನಮ್ಮ ಹಿತ್ತಲವರೆಗೆ ಕೇಳಿಸಿತು.

"ಏನ್ ಸೆಟ್ರೇ, ತಕ್ಕಡಿ ಕುಣಿಸ್ತಿದ್ದೀರಾ? ನಿಲ್ಸಿ ತೋರ್ಸಿ, ನಾವೂ ನೋಡ್ತೀವಿ!"

"ಗಾಳಿಗೆ ಕಣಮ್ಮ."

"ಗಾಳೀನಾ? ನನ್ನ ಸೆರಗೇ ಅಲ್ಲಾಡ್ತಿಲ್ಲ, ನಿಮ್ಮ ತಕ್ಕಡಿಗೆ ಎಲ್ಲಿಂದ ಬಂತು ಗಾಳಿ?"

ಸುತ್ತ ನಿಂತಿದ್ದವರು ನಕ್ಕರು. ನಮ್ಮವರು ಇನ್ನೊಂದು ಹಿಡಿ ಬೇಳೆ ಸುರಿದು ಕಳಿಸಿದರು. ಅದೇ ತಪ್ಪಾಯಿತು. ತಪ್ಪಿಲ್ಲದಿದ್ದರೆ ಹಿಡಿ ಬೇಳೆ ಯಾಕೆ ಸುರಿಯುತ್ತಿದ್ದರು ಅಂತ ಜನಕ್ಕೆ ಅನ್ನಿಸಿತು. ಸೆಟ್ಟರು ಕೈ ಆಡಿಸುತ್ತಾರೆ ಅನ್ನುವ ಮಾತು ಬೀದಿ ಹಿಡಿಯಿತು. ಕೈ ಆಡಿಸೋದು ಅಂದರೆ ನಮ್ಮ ಕಸುಬಿನಲ್ಲಿ ಕಳ್ಳತನ. ಮುಳ್ಳು ನಿಲ್ಲುವ ಮೊದಲೇ ತಟ್ಟೆ ಇಳಿಸಿ, ಕಮ್ಮಿ ತೂಕ ಕೊಡೋದು. ನನ್ನ ದೊಡ್ಡ ಮಗಳು ಸ್ಕೂಲಿಂದ ಬಂದವಳು ಚೀಲ ಇಳಿಸದೆ ಬಾಗಿಲಲ್ಲೇ ನಿಂತು ಕೇಳಿದಳು, "ಅಮ್ಮಾ, ಅಪ್ಪ ತಕ್ಕಡಿ ಆಡಿಸ್ತಾರಾ?" ನಾನು, "ಕೈ ಕಾಲು ತೊಳ್ಕೊಂಡು ಬಾ ಹೋಗು" ಅಂದೆ. ಉತ್ತರ ಕೊಟ್ಟರೆ ಕೈ ವಿಷಯ ಹೇಳಬೇಕಾಗುತ್ತಿತ್ತು.

ಹೇಳಿಬಿಡಬಾರದಿತ್ತಾ ಅಂತ ಈಗ ಕೇಳುವುದು ಸುಲಭ. ನಾನೂ ಅವತ್ತು ಅವರಿಗೆ ಹೇಳಿದೆ. "ಕಾಯಿಲೆ ಅಂತ ಹೇಳಿಬಿಡೋಣ ರೀ. ಕಳ್ಳ ಅನ್ನಿಸಿಕೊಳ್ಳೋದಕ್ಕಿಂತ ವಾಸಿ."

ಅವರು ಬಲಗೈಯನ್ನು ಎಡಗೈಯಲ್ಲಿ ಅದುಮಿ ಹಿಡಿದು ಕೂತಿದ್ದರು. "ಎರಡು ಹೆಣ್ಣು ಮಕ್ಕಳಿವೆ ಮನೇಲಿ. ಅಪ್ಪನಿಗೆ ವಾಸಿಯಾಗದ ನರದ ಕಾಯಿಲೆ ಅಂತ ಗೊತ್ತಾದ್ರೆ ಯಾರೇ ಬರ್ತಾರೆ ಕೇಳ್ಕೊಂಡು? ವಂಶದಲ್ಲೇ ಇದೆ ಅಂತಾರೆ. ಕಳ್ಳ ಅನ್ನೋ ಮಾತು ನಾಳೆ ಅಳಿಸಬಹುದು. ಇದು ಅಳಿಸೋಕಾಗಲ್ಲ."

ಆಮೇಲೆ ಅವರೇ, "ಅಂಗಡಿ ಯಾರಿಗಾದ್ರೂ ಕೊಟ್ಟುಬಿಡ್ತೀನಿ" ಅಂದರು. ಹಾಗಂದ ದಿನದಿಂದ ನಾನು ಅಂಗಡಿ ಬಾಗಿಲು ಹಾಕುವ ಸದ್ದಿಗೂ ಬೆಚ್ಚಿಬೀಳುತ್ತಿದ್ದೆ. ಅಂಗಡಿಯ ಆ ಹಲಗೆ ಮೇಲೆ ಕೂತು ವ್ಯಾಪಾರ ಮಾಡದಿದ್ದರೆ ಅವರು ಮನುಷ್ಯರಾಗಿ ಉಳಿಯುವುದಿಲ್ಲ ಅಂತ ನನಗೆ ಗೊತ್ತಿತ್ತು.

ಬಿಟ್ಟುಕೊಡುವ ಮೊದಲು ಬೇರೆ ತಕ್ಕಡಿ ನೋಡೋಣ ಅಂತ ನಾನೇ ಹಟ ಹಿಡಿದೆ. ಮುದ್ರೆ ಹಾಕುವ ಸಾಹೇಬರು ಬರುವ ಮುಂಚೆ ತಕ್ಕಡಿಗಳನ್ನೆಲ್ಲ ಸರಿಮಾಡಿಕೊಡುವ ಸಾಬರೊಬ್ಬರು ಊರಲ್ಲಿದ್ದರು. ಹೊಸದನ್ನೂ ತರಿಸಿಕೊಡುತ್ತಿದ್ದರು. ಅವರನ್ನು ಕರೆಸಿದೆವು. ಕಷ್ಟ ಏನೆಂದರೆ, ಹೊಸ ತಕ್ಕಡಿ ಯಾಕೆ ಬೇಕು ಅಂತ ಅವರಿಗೂ ಹೇಳುವ ಹಾಗಿರಲಿಲ್ಲ.

ಸಾಬರು ನಮ್ಮ ತಕ್ಕಡಿ ಎತ್ತಿ ಹಿಡಿದರು. ಅವರ ಕೈಯಲ್ಲಿ ಮುಳ್ಳು ಗಪ್ಪಂತ ನಿಂತುಬಿಟ್ಟಿತು. ನಮ್ಮವರು ಮುಖ ಆ ಕಡೆ ತಿರುಗಿಸಿದರು.

"ಏನ್ ಸೆಟ್ರೇ ಇದು, ಚಿನ್ನದಂಥಾ ತಕ್ಕಡಿ! ಇದನ್ನ ಯಾಕೆ ಬಿಡ್ತೀರಾ? ತಕ್ಕಡಿ ಅಂದ್ರೆ ಹೆಂಡ್ತಿ ಇದ್ದಂಗೆ. ಒಂದ್ಸಲ ನೋಡಿ ಆರಿಸ್ಕೊಂಡ್ರೆ ಮುಗೀತು."

ಪರದೆ ಒಳಗಿಂದ ಅತ್ತೆ ಹೇಳಿದರು: "ಆರಿಸ್ಕೊಂಡು ತಂದೋಳು ನಾನು ಸಾಬ್ರೇ. ಅವನೇನು ನೋಡಿದ್ದ?"

"ಹಂಗಾದ್ರೆ ತಕ್ಕಡೀನೂ ನೀವೇ ಆರಿಸಿ ಅಮ್ಮಾ," ಅಂತ ಸಾಬರು ನಕ್ಕು, ಒಂದೊಂದೇ ವಿವರಿಸಿದರು. ಹಳೇದನ್ನೇ ಬಿಡಬಾರದು ಅಂತಿದ್ದರೆ ಮೇಲಿನ ತೊಲೆಗೆ ಕೊಕ್ಕೆ ಹೊಡೆದು ನೇತುಹಾಕಬಹುದು. ಇಲ್ಲವಾದರೆ ಗಡಿಯಾರದ ಹಾಗೆ ಮುಖ ಇರುವ ಸ್ಪ್ರಿಂಗ್ ತಕ್ಕಡಿ ಒಂದು ಅವರ ಹತ್ತಿರವೇ ಇದೆ, ಮುಚ್ಚಿಹೋದ ಹೋಟೆಲಿನದು. ಎಲ್ಲಕ್ಕಿಂತ ಒಳ್ಳೆಯದು ಮೇಜಿನ ತಕ್ಕಡಿ. ಮೇಲೆ ಎರಡು ತಟ್ಟೆ, ಕೆಳಗೆ ಪೆಟ್ಟಿಗೆಯೊಳಗೆ ದಂಡ. ಎತ್ತುವ ಹಾಗೇ ಇಲ್ಲ, ಕೈ ಸೋಕಿಸುವ ಹಾಗೇ ಇಲ್ಲ. ಬೆಂಗಳೂರಿಂದ ತರಿಸಬೇಕು, ಬೆಲೆ ಜಾಸ್ತಿ.

ಮೊದಲು ಕೊಕ್ಕೆ ಹಾಕಿಸಿದೆವು. ನಮ್ಮದು ಹೆಂಚಿನ ಮನೆ, ತೊಲೆ ಎಲ್ಲೋ ಮೇಲೆ. ಉದ್ದ ಸರಪಣಿ ಬಿಡಬೇಕಾಯಿತು. ನಡುಗುವ ಕೈಯಲ್ಲಿ ಕಲ್ಲು ಇಟ್ಟರೆ ಸಾಕು, ತಕ್ಕಡಿ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಸಂತೆ ದಿನ ಜನ ಕಾದು ಕಾದು ಪಕ್ಕದ ಅಂಗಡಿಗೆ ಹೋದರು. ಒಬ್ಬ ಮುದುಕ, "ಲಾಲಿ ಹಾಡ್ಲಾ ಸೆಟ್ರೇ?" ಅಂತ ಕೇಳಿದ. ಆಮೇಲೆ ಗಡಿಯಾರದ ತಕ್ಕಡಿ ತಂದಿಟ್ಟೆವು. ಮಗ್ಗದ ಕೇರಿಯ ಆ ಹೆಂಗಸು ಅದರ ಮುಖ ನೋಡಿ, "ನಾನೇನು ಟೈಮ್ ಕೇಳೋಕೆ ಬಂದಿದ್ದೀನಾ? ಕಲ್ಲಿಟ್ಟು ತೂಗಿ" ಅಂದಳು. ಅದೂ ವಾಪಸು ಹೋಯಿತು.

ಮೇಜಿನ ತಕ್ಕಡಿ ಮಾತು ಬಂದಾಗ ನಮ್ಮವರೇ ಬೇಡ ಅಂದರು. "ಈಗಾಗಲೇ ಕೈ ಆಡಿಸ್ತಾನೆ ಅಂತಾರೆ. ದಂಡ ಪೆಟ್ಟಿಗೆ ಒಳಗೆ ಬಚ್ಚಿಟ್ಟಿರೋ ತಕ್ಕಡಿ ತಂದ್ರೆ ಇನ್ನೇನಂತಾರೆ? ಕಾಣೋ ಕಳ್ಳತನ ಬಿಟ್ಟು ಕಾಣದ ಕಳ್ಳತನ ಶುರುಮಾಡ್ದ ಅಂತಾರೆ." ಅತ್ತೆಯೂ, "ಹೊಟ್ಟೇಲಿ ಏನಿಟ್ಟುಕೊಂಡಿದ್ಯೋ ಗೊತ್ತಿಲ್ಲ, ಅಂಥದ್ದಕ್ಕೆ ಹೆಂಗೋ ಕುಂಕುಮ ಇಡೋದು?" ಅಂದರು.

ಆಗ ನನಗೆ ತೋಚಿದ್ದು ಪೊಟ್ಟಣ. ಅಂಗಡಿಯಲ್ಲಿ ತೂಗುವುದೇ ಬೇಡ. ನಾನು ಮನೆಯೊಳಗೆ ತೂಗಿ, ಕಾಲು, ಅರ್ಧ, ಒಂದು ಕೇಜಿ ಅಂತ ಕಟ್ಟಿಡುತ್ತೇನೆ. ಅವರು ಅಲ್ಲಿ ಎತ್ತಿ ಕೊಟ್ಟರಾಯಿತು. ಪೊಟ್ಟಣ ಎತ್ತುವ ಕೈ ನಡುಗಿದರೆ ಯಾರು ನೋಡುತ್ತಾರೆ? ಅವರು ಯೋಚಿಸಿ ಹೂಂ ಅಂದರು. ತಕ್ಕಡಿಯನ್ನು ಒಳಗೆ ತಂದು ನನ್ನ ಮುಂದಿಟ್ಟರು. ಆಯುಧಪೂಜೆ ದಿನ ಹೂವಿಟ್ಟದ್ದು ಬಿಟ್ಟರೆ ನಾನು ಅದನ್ನು ಮುಟ್ಟಿದವಳಲ್ಲ. ಮೊದಲ ದಿನ ಎತ್ತಿದಾಗ ನನ್ನ ಕೈಯೂ ನಡುಗಿತು. ಅಯ್ಯೋ ದೇವರೇ, ನನಗೂ ಬಂತಾ ಅಂತ ಗಾಬರಿಯಾಗಿ ಕೆಳಗಿಟ್ಟೆ. ಬರೀ ಭಯದ ನಡುಕ. ಆಮೇಲೆ ಹೋಯಿತು.

ತೂಗುವಾಗ ಅತ್ತೆ ಎದುರು ಕೂತರು. ಮುಳ್ಳು ನೆಟ್ಟಗೆ ನಿಂತರೆ ಅವರಿಗೆ ಸಾಲದು. "ಕೊಸರು ಹಾಕಮ್ಮಾ. ಸರಿಯಾಗಿ ತೂಗಿದ್ದೂ ಕಮ್ಮೀನೇ. ಮೊದಲೇ ಶನಿ ಹೆಗಲೇರಿದೆ, ತೂಕದ ಪಾಪ ಬೇರೆ ಬೇಡ." ಹಾಗಾಗಿ ಪ್ರತಿ ಪೊಟ್ಟಣದೊಳಗೂ ಕೊಸರು ಹಾಕಿ, ತಟ್ಟೆ ಸ್ವಲ್ಪ ಕೆಳಗೆ ಬಾಗಿದ ಮೇಲೇ ದಾರ ಸುತ್ತುತ್ತಿದ್ದೆ. ನನಗೂ ಅದೇ ಧೈರ್ಯ. ಯಾರು ಏನೇ ಅಂದರೂ ಭಗವಂತನ ಕಣ್ಣಿಗೆ ನಮ್ಮ ಪೊಟ್ಟಣ ಭಾರವಾಗಿದೆ ಅಂತ.

ಕೆಲವು ದಿನ ನೆಮ್ಮದಿಯಾಗಿತ್ತು. ಯಜಮಾನರು ಸರಿಯಾಗಿ ಊಟ ಮಾಡಿದರು. ಒಂದು ಸಂಜೆ ಮಕ್ಕಳ ಜೊತೆ ಚೌಕಾಬಾರ ಕೂಡ ಆಡಿದರು. ಕವಡೆ ಅಲ್ಲಾಡಿಸಿ ಹಾಕಲು ಅವರ ಕೈ ಬಲು ಒಳ್ಳೆಯದು ಅಂತ ಚಿಕ್ಕವಳು ಅಂದಾಗ ಅವರೇ ನಕ್ಕರು. ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡು ದೀಪಕ್ಕೆ ಎಣ್ಣೆ ಹಾಕಿದೆ.

ಆಮೇಲೆ ಅಂಗಡಿ ಮುಂದಿನ ಸದ್ದು ಕಮ್ಮಿಯಾಗುತ್ತಾ ಬಂತು. ನನ್ನ ಕಿವಿಗೆ ಅದು ಬೇಗ ಗೊತ್ತಾಗುತ್ತಿತ್ತು. ಬೆಳಗ್ಗೆ ಬರುತ್ತಿದ್ದ ದನಿಗಳಲ್ಲಿ ಒಂದೊಂದೇ ಇಲ್ಲವಾದವು. ಬಂದವರೂ ಪೊಟ್ಟಣವನ್ನು ಕೈಯಲ್ಲಿ ತೂಗಿ ನೋಡಿ, ಏನೂ ಅನ್ನದೆ ಹೋಗುತ್ತಿದ್ದರು. ಕಣ್ಣೆದುರು ತೂಗದ್ದು ಒಂದು ತೂಕಾನಾ ಅಂತ ಬಾವಿ ಕಟ್ಟೆಯಲ್ಲಿ ಯಾರೋ ಅಂದದ್ದು ನನ್ನ ಕಿವಿಗೇ ಬಿತ್ತು. ತಲೆ ತಗ್ಗಿಸಿ ಕೊಡ ಎತ್ತಿಕೊಂಡು ಬಂದೆ. ಮುದ್ರೆ ಹಾಕುವ ಸಾಹೇಬರಿಗೆ ಯಾರಾದರೂ ಅರ್ಜಿ ಕೊಟ್ಟುಬಿಟ್ಟರೆ, ಅವರು ಎಲ್ಲರ ಮುಂದೆ ನಮ್ಮವರ ಕೈಗೆ ತಕ್ಕಡಿ ಕೊಟ್ಟು ತೂಗಿ ತೋರಿಸು ಅಂದರೆ? ಇದೊಂದೇ ಯೋಚನೆ. ದೇವರ ಮುಂದೆ ಕೂತರೂ ಇದೇ.

ಸಾಹೇಬರು ಬರಲಿಲ್ಲ. ಸಂತೆ ದಿನ ಆ ಹೆಂಗಸು ಬಂದಳು.

ಅಂಗಡಿ ಮುಂದೆ ಜನವಿದ್ದರು. ಅವಳು ತೊಗರಿಬೇಳೆಯ ಅರ್ಧ ಕೇಜಿ ಪೊಟ್ಟಣವನ್ನು ದಾರ ಬಿಚ್ಚದೆ ವಾಪಸು ತಂದು ಹಲಗೆ ಮೇಲೆ ಕುಕ್ಕಿದಳು.

"ಇದನ್ನ ಇಲ್ಲೇ ತೂಗಿ ಸೆಟ್ರೇ. ನನ್ನ ಕಣ್ಮುಂದೆ."

"ಸರಿಯಾಗಿದೆ ಕಣಮ್ಮ, ಮನೇಲೇ ತೂಗಿ ಕಟ್ಟಿದ್ದು."

"ಮನೇಲಿ ತೂಗಿದ್ದು ನಿಮ್ಮನೆಯವ್ರಿಗೆ ಗೊತ್ತು, ನಂಗೇನ್ ಗೊತ್ತು? ಮೊದ್ಲು ತಕ್ಕಡಿ ಕುಣಿಸಿದ್ರಿ. ಈಗ ತಕ್ಕಡೀನೇ ಮಾಯ. ಕೊಸರೂ ಮಾಯ. ನಿಮ್ಮಪ್ಪ ಹಿಂಗಿರ್ಲಿಲ್ಲ!"

ಆ ಕೊನೆಯ ಮಾತಿಗೆ ನಮ್ಮವರು ಹೊರಗಿಂದ ಕೂಗಿದರು, "ಲೇ, ತಕ್ಕಡಿ ತಗೊಂಬಾ." ದನಿ ತಣ್ಣಗಿತ್ತು. ಎಲ್ಲ ಮುಗಿಯಿತು ಅಂತ ತೀರ್ಮಾನಿಸಿದವರ ದನಿ.

ಅತ್ತೆ ನನ್ನ ಮುಖ ನೋಡಿದರು. ನಾನು ಸೆರಗು ತಲೆ ಮೇಲೆ ಎಳೆದುಕೊಂಡು, ತಕ್ಕಡಿಯನ್ನೂ ಅರ್ಧ ಕೇಜಿ ಕಲ್ಲನ್ನೂ ಹಿಡಿದು ಪರದೆ ಸರಿಸಿ ಹೊರಗೆ ಬಂದೆ. ಅಷ್ಟು ಜನದ ಮುಖ ಒಟ್ಟಿಗೆ ನೋಡಿದ್ದು ಅದೇ ಮೊದಲು. ಅವರು ಬಲಗೈ ಚಾಚಿದರು. ಆ ಕೈ ಹಿಂದೆಂದೂ ಇಲ್ಲದ ಹಾಗೆ ನಡುಗುತ್ತಿತ್ತು. ಇದರಲ್ಲಿ ಕುಣಿಕೆ ಇಟ್ಟರೆ ತಟ್ಟೆ ಕಲ್ಲು ಎಲ್ಲ ಬೀದಿಗೆ ಬೀಳುತ್ತೆ ಅನ್ನಿಸಿತು. ಸುಬ್ರಹ್ಮಣ್ಯಾ ಅಂದುಕೊಂಡು, ಕೊಡಲಿಲ್ಲ. ಅವರ ಪಕ್ಕದಲ್ಲೇ ನಿಂತು ನಾನೇ ಎತ್ತಿದೆ.

ಒಂದು ಕಡೆ ಕಲ್ಲು, ಒಂದು ಕಡೆ ಅವಳ ಪೊಟ್ಟಣ. ಸರಪಣಿ ಕಿಣಿ ಅಂತು. ಪೊಟ್ಟಣದ ತಟ್ಟೆ ಕೆಳಗಿಳಿಯಿತು, ಅಲ್ಲೇ ನಿಂತಿತು.

ಅವಳು ಬಗ್ಗಿ ನೋಡಿದಳು, ಕಲ್ಲಿನ ಮುದ್ರೆ ನೋಡಿದಳು, ತಟ್ಟೆಯ ಅಡಿ ಬೆರಳಾಡಿಸಿ ಏನಾದರೂ ಅಂಟಿಸಿದ್ದಾರಾ ಅಂತಲೂ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಜಾಸ್ತೀನೇ ಇದೆ. ಯಾಕೆ?"

"ಕೊಸರು ಒಳಗೇ ಹಾಕಿದೀನಿ," ಅಂದೆ.

"ಒಳಗಾ!" ಅವಳಿಗೆ ರೇಗಿಹೋಯಿತು. "ಒಳಗೆ ಹಾಕಿ ದಾರ ಕಟ್ಟಿದ್ರೆ ಅದು ಕೊಸರೇನಮ್ಮಾ? ಅದೂ ತೂಕಾನೇ ಆಯ್ತು. ಕೊಸರು ಅಂದ್ರೆ ಕೈಯೆತ್ತಿ ಕೊಡೋದು. ಇಸ್ಕೊಂಡೋಳ ಕಣ್ಣಿಗೆ ಕಾಣ್ಬೇಕು. ನಾನು ಬೇಳೆಗೆ ಗತಿಯಿಲ್ದೆ ಬಂದಿದೀನಾ? ಸೆಟ್ರು ನನಗೊಂದು ಚಿಟಿಕೆ ಹಾಕ್ಲಿಲ್ವಲ್ಲ ಅಂತ ಹೊಟ್ಟೆ ಉರಿದು ಬಂದೆ!"

ಹಾಗನ್ನುವಾಗ ಅವಳ ಕಣ್ಣು ನಮ್ಮವರ ಕೈ ಮೇಲೆ ಬಿತ್ತು. ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದನ್ನೇ ಮರೆತಿದ್ದರು. ಎಲ್ಲರೂ ನೋಡಿದರು. ನಾನು ಇಷ್ಟು ದಿನ ಹೆದರಿದ್ದು ಯಾವುದಕ್ಕೋ ಅದು ನನ್ನ ಎದುರೇ ಆಗುತ್ತಿತ್ತು, ನಾನು ತಕ್ಕಡಿ ಹಿಡಿದು ನಿಂತಿದ್ದೆ.

"ಸೆಟ್ರೇ, ಕೈ..." ಅಂದಳು.

ಅವರು ಕೈಯನ್ನು ಒಂದು ಸಲ ನೋಡಿಕೊಂಡರು. "ಹೂಂ ಕಣಮ್ಮ. ಬಹಳ ದಿನ ಆಯ್ತು. ನಿಲ್ಲಲ್ಲ ಇದು."

"ಅಂದ್ರೆ ಅವತ್ತು ತಕ್ಕಡಿ ಕುಣೀತಿದ್ದಿದ್ದು..."

"ಇದಕ್ಕೇ."

ಅವಳು ಬೈಯಲು ಶುರುಮಾಡಿದಳು. "ಏನ್ ದಾಡಿ ನಿಮ್ಗೆ? ಒಂದ್ ಮಾತು ಹೇಳೋಕೆ ಏನಾಗಿತ್ತು? ಕೇರಿ ತುಂಬಾ ನಾನು ನಿಮ್ಮನ್ನ ಕಳ್ಳ ಅಂತ ಸಾರ್ಕೊಂಡು ಬಂದಿದೀನಿ. ಈಗ ಮನೆಮನೆಗೆ ಹೋಗಿ ಅಲ್ಲ ಅಂತ ಹೇಳ್ಬೇಕು. ಕೆಲ್ಸ ಇಲ್ವಾ ನಂಗೆ?"

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಅವಳು ಸೆರಗು ಹಿಡಿದು ನಿಂತಳು. "ಕೊಡಿ ಈಗ ಕೊಸರು."

ನಮ್ಮವರು ಮೂಟೆಗೆ ಕೈ ಹಾಕಿ ಒಂದು ಚಿಟಿಕೆ ಬೇಳೆ ತೆಗೆದರು. ಚಿಟಿಕೆ ನಿಲ್ಲಲಿಲ್ಲ. ಒಂದಿಷ್ಟು ಹಲಗೆ ಮೇಲೆ, ಒಂದಿಷ್ಟು ಅವಳ ಸೆರಗಿಗೆ, ಮತ್ತೆ ತೆಗೆದರು, ಮತ್ತೆ ಹಾಗೇ. ಅವಳು ಹಲಗೆ ಮೇಲಿನದನ್ನೂ ಅಂಗೈಯಲ್ಲಿ ಬಳಿದು ಸೆರಗಿಗೆ ಹಾಕಿಕೊಂಡಳು. "ಹಿಂಗ್ ಕೊಡೋದಾದ್ರೆ ನಮಗೇ ಲಾಭ. ಕೈ ವಾಸಿ ಮಾಡಿಸ್ಕೋಬೇಡಿ" ಅಂದಳು.

ಒಳಗೆ ಬಂದು ನಾನು ಕೂತುಬಿಟ್ಟೆ. ಅತ್ತೆ ನೀರು ಕೊಟ್ಟರು. ಇನ್ನು ನಮ್ಮ ಗುಟ್ಟು ಮಗ್ಗದ ಕೇರಿಗೆಲ್ಲ ಗೊತ್ತು, ನಾಳೆ ಘಾಟಿವರೆಗೂ ಗೊತ್ತು. ಮಕ್ಕಳ ಗತಿ ಏನು ಅಂತ ಅಳು ಬಂತು. ಆ ಹೆದರಿಕೆ ಸುಳ್ಳಾಗಲಿಲ್ಲ ಅಂತಲೂ ಹೇಳಬೇಕು. ಮುಂದೆ ದೊಡ್ಡವಳಿಗೆ ಬಂದ ಒಂದು ಸಂಬಂಧ ಇದೇ ಕೈಯ ಮಾತೆತ್ತಿ ಎದ್ದುಹೋಯಿತು. ಇನ್ನೊಂದು ಬಂತು. ಅವರು ಬಂದು ಹಜಾರದಲ್ಲಿ ಕೂತು, ಹುಡುಗಿಯ ತಂದೆ ನಡುಗುವ ಕೈಯಲ್ಲೇ ತಾಂಬೂಲ ಕೊಟ್ಟದ್ದನ್ನು ಎರಡು ಕೈಯಲ್ಲಿ ಇಸಿದುಕೊಂಡರು. ಒಂದು ಹೋಗಿ ಒಂದು ಬಂತಲ್ಲ, ಅದನ್ನೇ ನಾನು ಹಿಡಿದುಕೊಂಡಿದ್ದೇನೆ.

ಗುಟ್ಟು ಹೊರಬಿದ್ದ ಮೇಲೆ ಸಾಬರಿಗೆ ಮೇಜಿನ ತಕ್ಕಡಿಯನ್ನೇ ತರಿಸಲು ಹೇಳಿದೆವು. ಅದು ಬರುವವರೆಗೆ ಅಂಗಡಿಯಲ್ಲಿ ತಕ್ಕಡಿ ಎತ್ತಿದವಳು ನಾನೇ. ಹೆಂಗಸು ಅಂಗಡಿಯಲ್ಲಿ ನಿಂತಳಲ್ಲ ಅಂತ ಬೀದಿಯ ಕೆಲವು ಹಿರಿಯರು ಕೆಮ್ಮಿ ಹೋಗುತ್ತಿದ್ದರು. ಭುಜ ಇಳಿದುಹೋಗುವಷ್ಟು ನೋವು. ಆದರೆ ಈಗ ಪೆಟ್ಟಿಗೆಯೊಳಗಿನ ದಂಡಕ್ಕೆ ಹೆದರುವ ಕಾರಣ ನಮಗಿರಲಿಲ್ಲ. ಸಾಬರು ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದರು. ಇಳಿಸಿದವರೇ ನಮ್ಮವರನ್ನು ನೋಡಿ, "ಮೊದ್ಲೇ ಹೇಳಿದ್ರೆ ಇದನ್ನೇ ಮೊದ್ಲು ತರ್ತಿದ್ದೆ ಸೆಟ್ರೇ. ನೀವು ನನ್ನ ಹತ್ರಾನೂ ಬಚ್ಚಿಟ್ರಿ" ಅಂದರು. ಅತ್ತೆ ಸುಮ್ಮನಿರಲಿಲ್ಲ. ಅದರ ಹೊಟ್ಟೆ ತೋರಿಸದೆ ಒಳಗೆ ಸೇರಿಸುವುದಿಲ್ಲ ಅಂದರು. ಸಾಬರು ಅಂಗಡಿ ಮುಂದೆ, ಬೀದಿಯ ಜನರ ಎದುರೇ ಪೆಟ್ಟಿಗೆಯನ್ನು ಬೋರಲು ಹಾಕಿ ತಗಡು ಬಿಚ್ಚಿ ತೋರಿಸಿದರು. "ನೋಡ್ಕೊಳಿ ಅಮ್ಮಾ. ಜಿನ್ನು ಇಲ್ಲ, ದೆವ್ವ ಇಲ್ಲ. ಕಬ್ಬಿಣದ ಕಡ್ಡಿ ಅಷ್ಟೆ." ಅತ್ತೆ ಬಗ್ಗಿ ನೋಡಿ, ಕುಂಕುಮದ ಬಟ್ಟಲು ತಾ ಅಂದರು.

ಮಾರನೆಯ ದಿನ ಬೆಳಗ್ಗೆ ನಾನು ಪಕ್ಕದಲ್ಲಿ ನಿಂತಿದ್ದೆ, ಏನಾದರೂ ಎಡವಟ್ಟಾದರೆ ಹಿಡಿಯೋಣ ಅಂತ. ಗಿರಾಕಿ ಒಬ್ಬಳು ಸಕ್ಕರೆ ಕೇಳಿದಳು. ಅವರು ಒಂದು ತಟ್ಟೆಗೆ ಕಲ್ಲಿಟ್ಟು, ಎಡಗೈಯಲ್ಲಿ ಸಕ್ಕರೆ ಸುರಿದು, ಕೈ ಹಿಂದಕ್ಕೆ ತೆಗೆದುಕೊಂಡರು. ತಟ್ಟೆಗಳು ಒಂದು ಸಲ ಏರಿ ಇಳಿದು ಸಮಕ್ಕೆ ಬಂದು ನಿಂತವು. ಬಲಗೈ ಹಲಗೆ ಮೇಲೆ ಎಲ್ಲರಿಗೂ ಕಾಣುವ ಹಾಗೆ ನಡುಗುತ್ತಲೇ ಇತ್ತು. ಅದನ್ನು ಅವರು ಮುಚ್ಚಿಕೊಳ್ಳಲಿಲ್ಲ. ಅದೇ ಕೈಯಲ್ಲಿ ಒಂದಿಷ್ಟು ಸಕ್ಕರೆ ಮೇಲೆ ಹಾಕಿ, ಪೊಟ್ಟಣ ಕಟ್ಟಲು ನನ್ನ ಕಡೆ ತಳ್ಳಿ, "ಆಮೇಲೆ ಯಾರಮ್ಮಾ?" ಅಂದರು. ಹಿಂದೆ ನಿಂತಿದ್ದವಳು ತನ್ನ ಚೀಲ ಮುಂದೆ ಚಾಚಿದಳು.